ಮುರು ಮೀನು ನಿಜಕ್ಕೂ ಸಪ್ಪೆಯಾ? ಹೇಗೆ ಮಾಡುತ್ತೀರಿ, ಜೊತೆಗೆ ಏನು ಕುಡಿಯುತ್ತೀರಿ?

ಕೊಡಿಯಾಲ್‌ಬೈಲ್ ಸೊಸೆ (ಗುರುವಾರ, ರಾತ್ರಿ 9.10)

ಎಲ್ಲರಿಗೂ ನಮಸ್ಕಾರ. ಭಾನುವಾರ ಮಧ್ಯಾಹ್ನ ಊಟಕ್ಕೆ ಎಂಟು ಹತ್ತು ಜನ ಇದ್ದಾರೆ. ದುಬೈಯಿಂದ ಭಾವ ಬಂದಿದ್ದಾರೆ. ಅವರಿಗೆ ಅಂಜಲ್ ಬೇಡವಂತೆ, ಮಾಂಜಿ ಬೇಡವಂತೆ, ಹಮೂರ್ ಬೇಕಂತೆ. ಅಂದರೆ ನಮ್ಮ ಮುರು (ಗ್ರೂಪರ್). ಅತ್ತೆ ಕೇಳಿದ ಕೂಡಲೇ ಮುಖ ಸಿಂಡರಿಸಿದರು. "ಅದರಲ್ಲಿ ಎಂತ ರುಚಿ ಉಂಟು? ಬರೀ ಸಪ್ಪೆ. ನಾಲ್ಕು ಬಂಗುಡೆ ತಂದರೆ ಸಾಕಿತ್ತು" ಅಂತ.

ನಮ್ಮ ಮನೆಯಲ್ಲಿ ಮುರು ತರುವುದೇ ಅಪರೂಪ. ಹಾಗಾಗಿ ಕೇಳುತ್ತಿದ್ದೇನೆ. ಇದರ ರುಚಿ ನಿಜವಾಗಿ ಹೇಗೆ? ಸಾರಿಗೋ, ಫ್ರೈಗೋ? ಇನ್ನೊಂದು ವಿಷಯ, ಭಾವ ಡ್ಯೂಟಿ ಫ್ರೀಯಿಂದ ಒಂದು ಬಿಳಿ ವೈನ್, ಒಂದು ಕೆಂಪು ವೈನ್ ತಂದಿದ್ದಾರೆ. ಅತ್ತೆ, ಮಕ್ಕಳು ಅದನ್ನೆಲ್ಲ ಮುಟ್ಟುವವರಲ್ಲ. ಅವರಿಗೂ ಈ ಮೀನಿಗೆ ಒಪ್ಪುವ ಒಂದು ಪಾನೀಯ ಹೇಳಿ. ಕೋಲಾ ಬಾಟ್ಲಿ ಮೇಜಿನ ಮೇಲೆ ಇಡುವುದು ನನಗೆ ಇಷ್ಟ ಇಲ್ಲ.

ಪಡುಬಿದ್ರಿ ಪುಳಿಮುಂಚಿ

ಅತ್ತೆ ಹೇಳಿದ್ದೇ ಸರಿ. ಬಂಗುಡೆ ತನ್ನಿ. ಚರ್ಚೆ ಮುಗಿಯಿತು. 😄

ಮಲ್ಪೆ ದಕ್ಕೆ

ಅಕ್ಕಾ, ಇವರ ಮಾತು ಬಿಡಿ. ಇವರಿಗೆ ಬಂಗುಡೆ ಬಿಟ್ಟರೆ ಸಮುದ್ರವೇ ಇಲ್ಲ.

ನಾನು ದಕ್ಕೆಯಲ್ಲೇ (ಮೀನುಗಾರಿಕಾ ಬಂದರು) ಕೆಲಸ ಮಾಡುವವ. ಅಡುಗೆ ಆಮೇಲೆ, ಮೊದಲು ಮೀನು ನೋಡಿ ತೆಗೆದುಕೊಳ್ಳಿ. ಮುರು ಕಲ್ಲಿನ ಮೀನು. ಸಮುದ್ರದಡಿ ಬಂಡೆ, ಹವಳ ಇರುವ ಕಡೆ ಸಂದಿಯಲ್ಲಿ ಕೂತಿರುತ್ತದೆ. ಮುರ್ಡೇಶ್ವರದಿಂದ ನೇತ್ರಾಣಿಗೆ ಸ್ಕೂಬಾ ಮಾಡಲು ಹೋದವರು ಇದನ್ನು ನೋಡಿರಬಹುದು. ಬಂಗುಡೆ, ಬೂತಾಯಿ ದಿನವಿಡೀ ಗುಂಪು ಕಟ್ಟಿ ಈಜುತ್ತಲೇ ಇರುತ್ತವೆ. ಅದಕ್ಕೇ ಅವುಗಳ ಮಾಂಸ ಕಪ್ಪುಗೆಂಪು, ಎಣ್ಣೆ ಜಾಸ್ತಿ, ವಾಸನೆಯೂ ಜಾಸ್ತಿ. ಮುರು ಹಾಗಲ್ಲ. ಕೂತಲ್ಲೇ ಕೂತು, ಏಡಿಯೋ ಸಿಗಡಿಯೋ ಸಣ್ಣ ಮೀನೋ ಎದುರಿಗೆ ಬಂದಾಗ ದೊಡ್ಡ ಬಾಯಿ ತೆರೆದು ಒಮ್ಮೆಗೇ ಒಳಗೆ ಎಳೆದುಕೊಳ್ಳುತ್ತದೆ. ಮೈಯಲ್ಲಿ ಎಣ್ಣೆ ಕಮ್ಮಿ, ಮಾಂಸ ಬಿಳಿ, ದಪ್ಪ ದಪ್ಪ ಪದರ.

ನಮ್ಮ ಕಡೆ ಟ್ರಾಲ್ ಬೋಟಿಗೆ ಜಾಸ್ತಿ ಬೀಳುವುದು ಮೈಮೇಲೆ ಕಂದು ಅಡ್ಡಪಟ್ಟೆ ಇರುವ ಜಾತಿ. ಕಿತ್ತಳೆ ಬಣ್ಣದ ಚುಕ್ಕೆ ಇರುವುದು ಇನ್ನೂ ದೊಡ್ಡದಾಗಿ ಬೆಳೆಯುತ್ತದೆ. ಗಲ್ಫಿನವರು ಹಮೂರ್ ಅನ್ನುವುದು ಮುಖ್ಯವಾಗಿ ಅದನ್ನೇ.

ತೆಗೆದುಕೊಳ್ಳುವಾಗ ಕಿವಿರು ಎತ್ತಿ ನೋಡಿ, ಕೆಂಪಾಗಿ ಒದ್ದೆಯಾಗಿರಬೇಕು. ಬೆನ್ನಿನ ಮೇಲೆ ಬೆರಳಿಂದ ಒತ್ತಿದರೆ ಗುಂಡಿ ಉಳಿಯಬಾರದು. ಕೆಲವು ಮುರುವಿನ ಬಾಯಿಯಿಂದ ಹೊಟ್ಟೆಯ ಚೀಲ ಬಲೂನಿನಂತೆ ಹೊರಗೆ ಬಂದಿರುತ್ತದೆ. ಅದನ್ನು ನೋಡಿ ತುಂಬ ಜನ ಹಾಳಾದ ಮೀನು ಅಂತ ಬಿಟ್ಟು ಹೋಗುತ್ತಾರೆ. ಹಾಳಾದದ್ದಲ್ಲ ಅದು. ಆಳದಿಂದ ಸರಕ್ಕನೆ ಮೇಲೆ ಎಳೆದಾಗ ಒಳಗಿನ ಗಾಳಿ ಚೀಲ ಉಬ್ಬಿ ಹೊಟ್ಟೆಯನ್ನು ಹೊರಗೆ ತಳ್ಳುತ್ತದೆ. ಕಿವಿರು ಚೆನ್ನಾಗಿದ್ದರೆ ಧೈರ್ಯವಾಗಿ ತೆಗೆದುಕೊಳ್ಳಿ.

ಎರಡು ಕಿಲೋ ಆಸುಪಾಸಿನದು ಮನೆಗೆ ಸರಿ. ಬೆನ್ನಿನ ಮುಳ್ಳು ಕೈಗೆ ಚುಚ್ಚಿದರೆ ಎರಡು ದಿನ ನೋಯುತ್ತದೆ, ಹಾಗಾಗಿ ಅಲ್ಲೇ ಕತ್ತರಿಸಿಕೊಳ್ಳಿ. ಹುರುಪೆ ಸಣ್ಣದು, ಚರ್ಮಕ್ಕೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಮೀನು ಕತ್ತರಿಸುವ ಅಕ್ಕಂದಿರು ಕೆಲವೊಮ್ಮೆ ಬೇಸರದಿಂದ ಅರ್ಧಂಬರ್ಧ ಕೆರೆದು ಕೊಡುತ್ತಾರೆ. ಎದುರಿಗೇ ನಿಂತು ಪೂರ್ತಿ ಕೆರೆಸಿ. ಚರ್ಮ ಮಾತ್ರ ತೆಗೆಸಬೇಡಿ.

ಕೊಡಿಯಾಲ್‌ಬೈಲ್ ಸೊಸೆ

ಚರ್ಮ ಯಾಕೆ ಬಿಡಬೇಕು? ದಪ್ಪ ಇರುತ್ತದೆ ಅಲ್ವಾ?

ಮಲ್ಪೆ ದಕ್ಕೆ

ದಪ್ಪ ಇರುವುದೇ ಒಳ್ಳೆಯದು. ಎಣ್ಣೆ ಇಲ್ಲದ ಮೀನು, ಚರ್ಮ ಇದ್ದರೆ ಒಳಗಿನ ತೇವ ಉಳಿಯುತ್ತದೆ. ಸಾರಿನಲ್ಲಿ ಬೆಂದರೆ ಅಂಟಂಟಾಗಿ ಮೆತ್ತಗಾಗುತ್ತದೆ. ಗೊತ್ತಿದ್ದವರು ಅದನ್ನೇ ಮೊದಲು ಹುಡುಕುತ್ತಾರೆ.

ದೇರಾ ಕುಡ್ಲ

ನಿಮ್ಮ ಭಾವನ ಕಷ್ಟ ನನಗೆ ಅರ್ಥ ಆಗುತ್ತದೆ. ಇಲ್ಲಿ ಮೀನಿನ ರೆಸ್ಟೋರೆಂಟಿಗೆ ಹೋದರೆ ಮೊದಲ ಹೆಸರೇ ಹಮೂರ್. ಗ್ರಿಲ್ ಮಾಡಿದ್ದು, ಬ್ರೆಡ್ ಪುಡಿ ಹಚ್ಚಿ ಕರಿದದ್ದು, ಅನ್ನದ ಜೊತೆ ಮಚ್‌ಬೂಸ್ ಮಾಡಿದ್ದು. ಹಿಡಿದು ಹಿಡಿದು ಎಮಿರೇಟ್ಸ್ ಕಡಲಲ್ಲಿ ಇದರ ಸಂಖ್ಯೆ ತುಂಬ ಇಳಿದು ಹೋಗಿದೆ, ಬೆಲೆ ಏರಿದೆ.

ರುಚಿ ಅಂತ ಕೇಳಿದಿರಲ್ಲ. ಬಾಯಿಗಿಟ್ಟ ಕೂಡಲೇ ಏನೂ ಗೊತ್ತಾಗುವುದಿಲ್ಲ. ಎರಡು ಸಲ ಜಗಿದ ಮೇಲೆ ಒಂದು ಸಣ್ಣ ಸಿಹಿ ಬರುತ್ತದೆ, ಏಡಿಯ ಕಾಲಿನೊಳಗಿನ ಮಾಂಸದಲ್ಲಿ ಇರುತ್ತದಲ್ಲ, ಆ ಜಾತಿಯ ಸಿಹಿ. ಮಸಾಲೆ ಜಾಸ್ತಿ ಆದರೆ ಮೊದಲು ಸಾಯುವುದು ಅದೇ.

ಒಂದು ಎಚ್ಚರಿಕೆ. ಹಮೂರ್ ಅಂತ ಹೇಳಿ ಬಾಸಾ ಅನ್ನುವ ಬೇರೆ ಮೀನು ಕೊಡುವವರು ಎಲ್ಲ ಕಡೆ ಇದ್ದಾರೆ. ಫಿಲೆ (ಮುಳ್ಳಿಲ್ಲದ ತುಂಡು) ಆಗಿ ಬಂದರೆ ಗುರುತು ಹಿಡಿಯುವುದು ಕಷ್ಟ. ಬಾಸಾ ತೆಳ್ಳಗೆ, ನೀರು ನೀರು, ಬೆಂದ ಮೇಲೆ ಮೆತ್ತಗೆ. ಮುರು ದಪ್ಪ ಪದರವಾಗಿ ಬಿಡಿಸಿಕೊಳ್ಳುತ್ತದೆ. ಊರಿನಲ್ಲಿ ಇಡೀ ಮೀನೇ ಸಿಗುವಾಗ ಫಿಲೆ ಯಾಕೆ ಮಾರಾಯ್ರೆ.

ಪಡುಬಿದ್ರಿ ಪುಳಿಮುಂಚಿ

ಎರಡು ಸಲ ಜಗಿದ ಮೇಲೆ ಸಿಹಿ ಬರುವ ಮೀನಿಗೆ ಅಷ್ಟು ದುಡ್ಡಾ? ಒಳ್ಳೆ ಕುಮ್ಟೆ ಮೆಣಸು, ಹುಣಸೆಹುಳಿ, ಓಮ, ಬೆಳ್ಳುಳ್ಳಿ ಹಾಕಿ ಪುಳಿಮುಂಚಿ ಮಾಡಿ. ಯಾವ ಮೀನಾದರೂ ರುಚಿಯೇ.

ಕುಂದಾಪ್ರದ ಅಕ್ಕ

ಯಾವ ಮೀನಾದರೂ ರುಚಿ ಆಗುವುದು ಪುಳಿಮುಂಚಿ, ಮೀನಲ್ಲ ತಮ್ಮಾ. ಬಂಗುಡೆಗೆ ಅದು ಸರಿ. ಅದರ ಎಣ್ಣೆಗೆ ಎದುರು ನಿಲ್ಲಲು ಅಷ್ಟು ಹುಳಿ, ಅಷ್ಟು ಖಾರ ಬೇಕು. ಮುರುವಿಗೆ ಹಾಕಿದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಮೀನೂ ಹೋಯಿತು, ಮಸಾಲೆಯೂ ಹೋಯಿತು.

ಕೊಡಿಯಾಲ್‌ಬೈಲಿನವರೇ, ನಮ್ಮ ಮನೆಯಲ್ಲಿ ಮಾಡುವುದು ಹಸಿಮೆಣಸಿನ ಹಾಲುಸಾರು. ಒಣಮೆಣಸು ಒಂದೂ ಇಲ್ಲ. ಒಂದು ಕಿಲೋ ಮುರುವಿಗೆ ಹೇಳುತ್ತೇನೆ.

ತುಂಡು ಒಂದು ಇಂಚಿಗಿಂತ ತೆಳ್ಳಗೆ ಬೇಡ. ತೊಳೆದು, ಉಪ್ಪು, ಚಿಟಿಕೆ ಅರಿಶಿನ, ಅರ್ಧ ಲಿಂಬೆ ಹಚ್ಚಿ ಕಾಲು ಗಂಟೆ ಇಡಿ. ಅದಕ್ಕಿಂತ ಜಾಸ್ತಿ ಹೊತ್ತು ಲಿಂಬೆ ಹಚ್ಚಿ ಇಟ್ಟರೆ ಮೇಲ್ಮೈ ಬೆಳ್ಳಗಾಗಿ ಗಟ್ಟಿಯಾಗುತ್ತದೆ. ಒಂದು ದೊಡ್ಡ ತೆಂಗಿನಕಾಯಿ ತುರಿದು ಮೊದಲ ಹಾಲು ಒಂದು ಲೋಟ, ಎರಡನೆಯದು ಎರಡು ಲೋಟ ತೆಗೆದಿಡಿ. ಎರಡು ಚಮಚ ಕೊತ್ತಂಬರಿ ಬೀಜ, ಅರ್ಧ ಚಮಚ ಜೀರಿಗೆ, ಏಳೆಂಟು ಕಾಳು ಮೆಂತೆ, ಇಷ್ಟನ್ನು ಬರೀ ಬಿಸಿ ಆಗುವಷ್ಟು ಹುರಿಯಿರಿ. ಬಣ್ಣ ಬದಲಾಗುವುದು ಬೇಡ. ಅದಕ್ಕೆ ನಾಲ್ಕು ಹಸಿಮೆಣಸು, ಎರಡು ಎಸಳು ಬೆಳ್ಳುಳ್ಳಿ ಸೇರಿಸಿ ನುಣ್ಣಗೆ ಅರೆಯಿರಿ.

ಮಣ್ಣಿನ ಬಿಸಲೆ ಇದ್ದರೆ ಅದರಲ್ಲೇ ಮಾಡಿ. ತೆಂಗಿನೆಣ್ಣೆಗೆ ಉದ್ದಕ್ಕೆ ಸೀಳಿದ ಈರುಳ್ಳಿ, ಶುಂಠಿ, ಎರಡು ಸೀಳಿದ ಹಸಿಮೆಣಸು, ಕರಿಬೇವು. ಈರುಳ್ಳಿ ಮೆತ್ತಗಾದರೆ ಸಾಕು, ಕೆಂಪಾಗಬಾರದು. ಅರೆದದ್ದು ಹಾಕಿ ಎರಡು ನಿಮಿಷ ತಿರುವಿ. ಎರಡನೆಯ ಹಾಲು, ಉಪ್ಪು, ಸೀಳಿದ ಬಿಂಬುಳಿ ಆರೇಳು ಹಾಕಿ ಕುದಿಸಿ. ಬಿಂಬುಳಿ ಇಲ್ಲದಿದ್ದರೆ ಹುಳಿ ಮಾವಿನಕಾಯಿ. ಹುಣಸೆಹುಳಿ ಬೇಡ, ಬಣ್ಣ ಕೆಡುತ್ತದೆ, ರುಚಿಯೂ ಭಾರ ಆಗುತ್ತದೆ.

ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ ತುಂಡುಗಳನ್ನು ಒಂದೊಂದಾಗಿ ಚರ್ಮದ ಬದಿ ಕೆಳಗೆ ಮಾಡಿ ಇಳಿಸಿ. ಸೌಟು ಹಾಕಬೇಡಿ. ಬಿಸಲೆಯ ಕಿವಿ ಹಿಡಿದು ಅಲ್ಲಾಡಿಸಿ. ಆರು ಏಳು ನಿಮಿಷ. ಬದಿಯಲ್ಲಿ ಮಾತ್ರ ಗುಳ್ಳೆ ಏಳುತ್ತಿರಬೇಕು, ನಡುವೆ ಕೊತ ಕೊತ ಕುದಿಯಬಾರದು. ಕೊನೆಗೆ ಮೊದಲ ಹಾಲು ಹೊಯ್ದು, ಅಂಚಿನಲ್ಲಿ ಆವಿ ಕಂಡ ಕೂಡಲೇ ಒಲೆ ಆರಿಸಿ. ಮುಚ್ಚಿ ಹತ್ತು ನಿಮಿಷ ಹಾಗೇ ಬಿಡಿ. ಆ ಹತ್ತು ನಿಮಿಷದಲ್ಲೇ ಮೀನಿನ ಒಳಗೆ ಉಪ್ಪು ಹುಳಿ ಹಿಡಿಯುವುದು.

ನೀರುದೋಸೆಗೆ ಇದಕ್ಕಿಂತ ಒಳ್ಳೆಯ ಜೋಡಿ ನನಗೆ ಗೊತ್ತಿಲ್ಲ. ಕುಚಲಕ್ಕಿ ಅನ್ನಕ್ಕೂ ಆಗುತ್ತದೆ, ಆದರೆ ಸಾರು ಸ್ವಲ್ಪ ಗಟ್ಟಿ ಇರಲಿ.

ಬೆಂದೂರ್ ಪೊರ್ಬು

ಅಕ್ಕ ಹೇಳಿದ ಸಾರಿಗೆ ನನ್ನದೂ ಓಟು. ನಮ್ಮಲ್ಲಿ ಸನ್ನದ (ಇಡ್ಲಿಯಂಥ ತಿಂಡಿ) ಜೊತೆ ತಿನ್ನುತ್ತೇವೆ. ಹಿಟ್ಟು ಹುಳಿ ಬರಲು ಕಲಿ (ಶೇಂದಿ) ಹಾಕಿದ ಸನ್ನ, ಈಸ್ಟ್ ಹಾಕಿದ್ದಲ್ಲ.

ಫ್ರೈ ಬಗ್ಗೆ ಒಂದು ಮಾತು. ಮುರುವನ್ನು ಹೋಟೆಲಿನವರು ಹೆಚ್ಚಾಗಿ ಕೆಡಿಸುವುದು ತವಾದ ಮೇಲೆ. ಮಸಾಲೆ ದಪ್ಪಗೆ ಮೆತ್ತಿ, ಆರ್ಡರ್ ಬಂದಾಗಲೆಲ್ಲ ಮತ್ತೆ ಬಿಸಿ ಮಾಡಿ, ಕೊನೆಗೆ ಮೀನು ಒಣಗಿ ಎಳೆ ಎಳೆ. ನಗರದಲ್ಲಿ ಹೆಸರಿರುವ ಒಂದು ಹೋಟೆಲಿನಲ್ಲೇ ನನಗೆ ಹಾಗೆ ಬಡಿಸಿದ್ದಾರೆ. ಪಕ್ಕದ ಮೇಜಿನವರು ಮುರು ಅಂದರೆ ಹೀಗೇ ಅಂದುಕೊಂಡು ಎದ್ದು ಹೋದರು.

ಮನೆಯಲ್ಲಿ ಆದರೆ ಅಂಜಲ್‌ಗೆ ಹಚ್ಚುವ ಮಸಾಲೆಯ ಅರ್ಧ ಸಾಕು. ಬ್ಯಾಡಗಿ ಮೆಣಸು ಬಣ್ಣಕ್ಕೆ ಆರೇಳು, ಕಾಳುಮೆಣಸು ಸ್ವಲ್ಪ, ಜೀರಿಗೆ, ಬೆಳ್ಳುಳ್ಳಿ, ಒಂದು ಚಮಚ ವಿನೆಗರ್. ತುಂಡಿನ ನೀರನ್ನು ಬಟ್ಟೆಯಿಂದ ಒರೆಸಿ ಆಮೇಲೆ ಹಚ್ಚಿ. ಸಣ್ಣ ರವೆಯಲ್ಲಿ ಚರ್ಮದ ಬದಿ ಮಾತ್ರ ಒತ್ತಿ. ತವಾ ಚೆನ್ನಾಗಿ ಕಾದ ಮೇಲೆ ಎಣ್ಣೆ ಬಿಟ್ಟು, ಚರ್ಮದ ಬದಿ ಕೆಳಗೆ ಇಟ್ಟು, ನಾಲ್ಕು ನಿಮಿಷ ಮುಟ್ಟಬೇಡಿ. ಅದೇ ಕಷ್ಟದ ಕೆಲಸ. ಬದಿಯಿಂದ ನೋಡುತ್ತಾ ಇರಿ, ಗಾಜಿನಂತಿದ್ದ ಮಾಂಸ ಕೆಳಗಿನಿಂದ ಮೇಲಕ್ಕೆ ಬೆಳ್ಳಗಾಗುತ್ತಾ ಬರುತ್ತದೆ. ಮುಕ್ಕಾಲು ಭಾಗ ಬೆಳ್ಳಗಾದಾಗ ತಿರುಗಿಸಿ. ಇನ್ನು ಎರಡು ನಿಮಿಷ. ಚಾಕುವಿನ ತುದಿ ಹಾಕಿ ಸ್ವಲ್ಪ ತಿರುಗಿಸಿದರೆ ಪದರ ತಾನಾಗಿ ಬಿಡಬೇಕು. ಥರ್ಮಾಮೀಟರ್ ಇರುವವರಿಗೆ ಒಳಗೆ 60ರಿಂದ 63 ಡಿಗ್ರಿ.

ಮಲ್ಪೆ ದಕ್ಕೆ

ರವೆ ಒಂದೇ ಬದಿಗೆ ಅನ್ನುವುದು ಒಳ್ಳೆ ಐಡಿಯಾ. ನಾನೂ ಮಾಡುತ್ತೇನೆ.

ಪಡುಬಿದ್ರಿ ಪುಳಿಮುಂಚಿ

ಸರಿ ಸರಿ, ತುಂಡು ನಿಮಗೇ ಇರಲಿ. ತಲೆಯನ್ನು ಏನು ಮಾಡುತ್ತೀರಿ? ಅದನ್ನೂ ತೆಂಗಿನ ಹಾಲಿನಲ್ಲಿ ಮಲಗಿಸುತ್ತೀರಾ?

ಕುಂದಾಪ್ರದ ಅಕ್ಕ

ಹ್ಹ ಹ್ಹ. ತಲೆ ನಿಮಗೆ ಬಿಟ್ಟೆ. ಮುರುವಿನ ತಲೆ, ಕುತ್ತಿಗೆಯ ಮೂಳೆ, ಬಾಲ, ಇಷ್ಟಕ್ಕೆ ನಿಮ್ಮ ಪುಳಿಮುಂಚಿ ಚೆನ್ನಾಗಿ ಒಪ್ಪುತ್ತದೆ. ಕೆನ್ನೆಯಲ್ಲಿ ಎರಡು ಗುಂಡಗಿನ ತುಂಡು ಮಾಂಸ ಉಂಟಲ್ಲ, ಇಡೀ ಮೀನಿನಲ್ಲಿ ನನಗೆ ಇಷ್ಟ ಅದು. ತಲೆಯಲ್ಲಿ ಅಂಟು ಜಾಸ್ತಿ, ಹಾಗಾಗಿ ಸಾರು ತಾನಾಗಿ ದಪ್ಪ ಬರುತ್ತದೆ.

ಎಕ್ಕೂರು ಕ್ಯಾಂಪಸ್

ತಲೆಯ ಮಾತು ಬಂದ ಕಾರಣ ಬರೆಯುತ್ತಿದ್ದೇನೆ. ನಾನು ಎಕ್ಕೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದಿದವನು. ಹೆದರಿಸಲು ಅಲ್ಲ, ಗೊತ್ತಿರಲಿ ಅಂತ.

2016ರಲ್ಲಿ ಮಂಗಳೂರು ಆಸುಪಾಸಿನಲ್ಲಿ ದೊಡ್ಡ ಕೆಂಪು ಸ್ನ್ಯಾಪರ್ ಮೀನಿನ ತಲೆ ತಿಂದು ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದ್ದು ಕೆಲವರಿಗೆ ನೆನಪಿರಬಹುದು. ಅದು ಸಿಗ್ವಾಟೆರಾ ಅನ್ನುವ ವಿಷ. ಹವಳದ ಮೇಲೆ ಬೆಳೆಯುವ ಒಂದು ಸೂಕ್ಷ್ಮ ಪಾಚಿಯಲ್ಲಿ ಹುಟ್ಟುತ್ತದೆ. ಪಾಚಿ ತಿಂದ ಸಣ್ಣ ಮೀನು, ಅದನ್ನು ತಿಂದ ದೊಡ್ಡ ಮೀನು, ಹೀಗೆ ಮೇಲೆ ಹೋದಷ್ಟೂ ಶೇಖರಣೆ ಆಗುತ್ತದೆ. ತಲೆ, ಕರುಳು, ಪಿತ್ತಜನಕಾಂಗದಲ್ಲಿ ಜಾಸ್ತಿ. ಬೇಯಿಸಿದರೂ ಹೋಗುವುದಿಲ್ಲ, ಫ್ರೀಜ್ ಮಾಡಿದರೂ ಹೋಗುವುದಿಲ್ಲ. ಬಣ್ಣ, ವಾಸನೆ, ರುಚಿ ಯಾವುದರಲ್ಲೂ ಗೊತ್ತಾಗುವುದಿಲ್ಲ. ವಾಂತಿ ಭೇದಿ, ತುಟಿ ಬೆರಳು ಜುಮ್ಮೆನ್ನುವುದು, ತಣ್ಣಗಿನದು ಮುಟ್ಟಿದರೆ ಸುಟ್ಟಂತೆ ಅನ್ನಿಸುವುದು, ಇವು ಲಕ್ಷಣ.

ಮುರು ಕೂಡ ಹವಳದ ದಿಬ್ಬದ ಮೀನೇ, ಬೇರೆ ಮೀನು ತಿಂದು ಬದುಕುವುದೇ. ನಮ್ಮ ತೀರದ ಹತ್ತಿರ ಹಿಡಿದ ಎರಡು ಕಿಲೋ ಮೀನಿಗೆ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವುದು ಬೇಡ. ಆದರೆ ದೂರದ ಹವಳದ ದಿಬ್ಬಗಳಿಂದ ಬಂದ, ಎಂಟು ಹತ್ತು ಕಿಲೋ ತೂಗುವ ದೈತ್ಯ ಮೀನಿನ ತಲೆ, ಲಿವರ್ ನಾನು ತಿನ್ನುವುದಿಲ್ಲ. ತುಂಬ ದೊಡ್ಡ ಮುರುವಿನ ಮಾಂಸ ಹೇಗೂ ಒರಟು. ಕಳೆದುಕೊಳ್ಳುವಂಥದ್ದು ಏನೂ ಇಲ್ಲ.

ಹಾಗೇ ತೀರಾ ಸಣ್ಣದೂ ಬೇಡ. ಮುರು ಹುಟ್ಟುವಾಗ ಹೆಣ್ಣು, ಬೆಳೆದು ದೊಡ್ಡದಾದ ಮೇಲೆ ಅದರಲ್ಲೇ ಕೆಲವು ಗಂಡಾಗುತ್ತವೆ. ದೊಡ್ಡದನ್ನೆಲ್ಲ ಹಿಡಿದರೆ ಗಂಡು ಇಲ್ಲ, ಅಂಗೈಯಗಲದ್ದನ್ನೆಲ್ಲ ಹಿಡಿದರೆ ಮೊಟ್ಟೆ ಇಡುವವೇ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ರಜೆ ಇರುವುದು ಸರಿ. ಆದರೆ ಆಗಸ್ಟಿನಲ್ಲಿ ದೋಣಿ ಇಳಿದ ಕೂಡಲೇ ಬುಟ್ಟಿ ತುಂಬ ಮರಿ ಮುರು ಬಂದರೆ ರಜೆ ಕೊಟ್ಟು ಎಂತ ಪ್ರಯೋಜನ? ಕೊಳ್ಳುವವರು ಕೇಳದಿದ್ದರೆ ಮಾರುವವರೂ ತರುವುದಿಲ್ಲ.

ಮಲ್ಪೆ ದಕ್ಕೆ

ಬಲೆಗೆ ಬಿದ್ದದ್ದನ್ನು ವಾಪಸು ಬಿಟ್ಟರೆ ಬದುಕುವುದಿಲ್ಲ ಸರ್. ಬಲೆಯ ಕಣ್ಣು ದೊಡ್ಡ ಮಾಡಬೇಕು, ಅದು ಎಲ್ಲರೂ ಒಟ್ಟಿಗೆ ಮಾಡಬೇಕು. ಒಬ್ಬ ಮಾಡಿದರೆ ಅವನಿಗೆ ಮಾತ್ರ ಲಾಸ್. ಆ ಚರ್ಚೆ ಇನ್ನೊಂದು ದಿನ.

ಕೊಡಿಯಾಲ್‌ಬೈಲ್ ಸೊಸೆ (ಶುಕ್ರವಾರ, ಬೆಳಿಗ್ಗೆ 7.30)

ಇಷ್ಟೆಲ್ಲ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಎರಡು ಕಿಲೋದ ಎರಡು ಮೀನು ಅಂತ ತೀರ್ಮಾನ ಆಯಿತು. ಒಂದು ಅಕ್ಕ ಹೇಳಿದ ಹಾಲುಸಾರು, ಒಂದು ತವಾ. ತಲೆ ಎರಡೂ ಪುಳಿಮುಂಚಿಗೆ, ಅದು ಅತ್ತೆಗೆ. ಅತ್ತೆಗೆ ಇದನ್ನೆಲ್ಲ ಓದಿ ಹೇಳಿದೆ. "ಹಾಲುಸಾರಾ? ಮೀನಿಗೆ ಹಾಲು ವಿರುದ್ಧ ಅಲ್ವಾ?" ಅಂತ ಕೇಳಿದರು. ತೆಂಗಿನ ಹಾಲು ಅಂದ ಮೇಲೆ ಸುಮ್ಮನಾದರು. ಮಜ್ಜಿಗೆ ಮಾತ್ರ ಕೊಡಬಾರದಂತೆ.

ಕುಡಿಯುವುದರ ಬಗ್ಗೆ ಯಾರೂ ಹೇಳಲಿಲ್ಲ.

ಬೆಂದೂರ್ ಪೊರ್ಬು

ಅದಕ್ಕೇ ಕಾಯುತ್ತಿದ್ದೆ.

ಮೊದಲು ಕೆಂಪು ವೈನನ್ನು ಬೀರುವಿನಲ್ಲಿ ಇಟ್ಟು ಬೀಗ ಹಾಕಿ. ಅದು ಸೋಮವಾರದ ಕೋರಿ (ಕೋಳಿ) ಸುಕ್ಕಕ್ಕೆ. ಮೀನಿನ ಜೊತೆ ಕೆಂಪು ವೈನ್ ಕುಡಿದರೆ ಬಾಯಲ್ಲಿ ಹಳೆ ಮೀನಿನ ವಾಸನೆ, ಕಬ್ಬಿಣ ನೆಕ್ಕಿದಂಥ ರುಚಿ ಉಳಿಯುತ್ತದೆ. ಜಪಾನಿನ ಸಂಶೋಧಕರು 2009ರಲ್ಲಿ ಇದಕ್ಕೆ ಕಾರಣ ಹುಡುಕಿದರು. ವೈನಿನಲ್ಲಿರುವ ಕಬ್ಬಿಣದ ಅಂಶ ಜಾಸ್ತಿ ಆದಷ್ಟೂ ಆ ವಾಸನೆ ಜಾಸ್ತಿ. ಕೆಂಪು ವೈನಿನಲ್ಲಿ ಸಾಮಾನ್ಯವಾಗಿ ಕಬ್ಬಿಣ ಹೆಚ್ಚು. ಜೊತೆಗೆ ಅದರ ಒಗರು ಇಂಥ ಮೃದು ಮೀನನ್ನು ಪೂರ್ತಿ ಮುಚ್ಚಿಬಿಡುತ್ತದೆ.

ಬಿಳಿ ವೈನ್ ಯಾವುದು ಅಂತ ಬಾಟ್ಲಿ ಮೇಲೆ ನೋಡಿ. ಸೋವಿನ್ಯೋನ್ ಬ್ಲಾಂಕ್ ಆಗಿದ್ದರೆ ತವಾ ಫ್ರೈಗೆ. ಅದರ ಹುಳಿ ಲಿಂಬೆ ಹಿಂಡುವ ಕೆಲಸ ಮಾಡುತ್ತದೆ. ಶೆನಿನ್ ಬ್ಲಾಂಕ್ ಅಥವಾ ರೀಸ್ಲಿಂಗ್ ಆಗಿದ್ದರೆ ಹಾಲುಸಾರಿಗೆ. ಅವುಗಳಲ್ಲಿ ಸ್ವಲ್ಪ ಸಿಹಿ ಉಳಿದಿರುವ ಬಾಟ್ಲಿ ಸಿಕ್ಕರೆ ಹಸಿಮೆಣಸಿನ ಖಾರಕ್ಕೆ ಒಳ್ಳೆಯದು. ನಾಸಿಕದ ಕಡೆಯ ಈ ಎರಡು ಜಾತಿ, ಸೋವಿನ್ಯೋನ್ ಮತ್ತು ಶೆನಿನ್, ನಮ್ಮಲ್ಲೂ ಸುಲಭದಲ್ಲಿ ಸಿಗುತ್ತವೆ. ಮರದ ಪೀಪಾಯಿಯಲ್ಲಿ ಇಟ್ಟ ಶಾರ್ಡೊನೆ ಆಗಿದ್ದರೆ ಸ್ವಲ್ಪ ಭಾರ. ತೆಂಗಿನ ಹಾಲಿನ ಜೊತೆ ನಡೆಯುತ್ತದೆ, ಫ್ರೈ ಜೊತೆ ಬೇಡ. ಯಾವುದಾದರೂ ಸರಿ, ಫ್ರಿಜ್ಜಿನಲ್ಲಿ ಮೂರು ಗಂಟೆ ಇಡಿ, 8ರಿಂದ 10 ಡಿಗ್ರಿಯಲ್ಲಿ ಬಡಿಸಿ. ನಮ್ಮ ಸೆಖೆಗೆ ಗ್ಲಾಸಿನಲ್ಲಿ ಹತ್ತೇ ನಿಮಿಷದಲ್ಲಿ ಬೆಚ್ಚಗಾಗುತ್ತದೆ, ಆದ ಕಾರಣ ಸ್ವಲ್ಪ ಸ್ವಲ್ಪವೇ ಹಾಕಿ.

ಪುಳಿಮುಂಚಿ ತಲೆಗೆ ವೈನ್ ದಂಡ. ಅಲ್ಕೋಹಾಲ್ ಏರಿದಷ್ಟೂ ಮೆಣಸಿನ ಉರಿ ಏರುತ್ತದೆ. ವಿಸ್ಕಿಯವರು ಬಂಗುಡೆ ಫ್ರೈ ಜೊತೆ ಕಣ್ಣಲ್ಲಿ ನೀರು ತರಿಸಿಕೊಳ್ಳುವುದು ಅದಕ್ಕೇ.

ಪಡುಬಿದ್ರಿ ಪುಳಿಮುಂಚಿ

ಆ ಕಣ್ಣೀರು ಸಂತೋಷದ್ದು ಪೊರ್ಬುಗಳೇ.

ಬಿಯರ್ ಬಗ್ಗೆ ಹೇಳಿ. ಭಾನುವಾರ ಮಧ್ಯಾಹ್ನ ವೈನ್ ಯಾರು ಕುಡಿಯುತ್ತಾರೆ?

ಬೆಂದೂರ್ ಪೊರ್ಬು

ತೆಳು ಲಾಗರ್, ತುಂಬ ತಣ್ಣಗೆ. ಗೋಧಿ ಬಿಯರ್ ಸಿಕ್ಕರೆ ಇನ್ನೂ ಒಳ್ಳೆಯದು, ಮುರುವಿನ ಸಿಹಿಗೆ ಅಡ್ಡ ಬರುವುದಿಲ್ಲ. ಕಹಿ ಜಾಸ್ತಿ ಇರುವ ಐಪಿಎ ಬೇಡ. ಸ್ಟ್ರಾಂಗ್ ಬಿಯರ್ ಕೇಳಲೇಬೇಡಿ.

ತಾಳೆಮರದಡಿ

ಇಷ್ಟು ಹೊತ್ತಿಗೂ ಯಾರೂ ಕಲಿಯ ಹೆಸರು ಸರಿಯಾಗಿ ಎತ್ತಲಿಲ್ಲ, ಸನ್ನಕ್ಕೆ ಹಾಕಿ ಮುಗಿಸಿದರು. ಕುಡ್ಲ (ಮಂಗಳೂರು), ಉಡುಪಿಯವರು ನಾಸಿಕಕ್ಕೆ ಯಾಕೆ ಹೋಗಬೇಕು?

ಸಾರಾಯಿ 2007ರಲ್ಲಿ ನಿಷೇಧ ಆಯಿತು. ಆದರೆ ನಮ್ಮ ಎರಡು ಜಿಲ್ಲೆಗಳಲ್ಲಿ ಪರವಾನಗಿ ಇರುವ ಕಡೆ ಶೇಂದಿ ಇಂದಿಗೂ ಸಿಗುತ್ತದೆ. ತೆಂಗಿನದ್ದೂ ಉಂಟು, ತಾಳೆಯದ್ದೂ ಉಂಟು. ಮುರುವಿಗೆ ನಾನು ಹೇಳುವುದು ತೆಂಗಿನ ಕಲಿ, ಬೆಳಿಗ್ಗೆ ಇಳಿಸಿದ್ದು, ಹನ್ನೊಂದು ಗಂಟೆಯೊಳಗೆ. ಆಗ ಇನ್ನೂ ಸಿಹಿ ಇರುತ್ತದೆ, ಹುಳಿ ಈಗಷ್ಟೇ ಶುರು ಆಗಿರುತ್ತದೆ, ನಾಲಗೆ ಮೇಲೆ ಸಣ್ಣಗೆ ಗುಳ್ಳೆ ಒಡೆಯುತ್ತದೆ. ತೆಂಗಿನ ಹಾಲಿನ ಸಾರು, ತೆಂಗಿನ ಕಲಿ, ಎರಡೂ ಒಂದೇ ಮರದ್ದು. ಹೊಂದದೆ ಎಲ್ಲಿ ಹೋಗುತ್ತದೆ?

ಹೊತ್ತು ಹೋದಷ್ಟೂ ಗಾಳಿಯ ಈಸ್ಟ್ ಸಕ್ಕರೆಯನ್ನು ತಿಂದು ಮುಗಿಸುತ್ತದೆ. ಮಧ್ಯಾಹ್ನದ ಮೇಲಿನದ್ದು ಹುಳಿ, ಕಡಕ್. ಅದು ಪುಳಿಮುಂಚಿಯವರಿಗೆ ಸರಿ. ಮರುದಿನಕ್ಕೆ ಇಟ್ಟರೆ ವಿನೆಗರ್. ಒಂದು ಕಿವಿಮಾತು, ಬಾಟ್ಲಿಗೆ ತುಂಬಿ ಮುಚ್ಚಳ ಬಿಗಿಯಾಗಿ ಹಾಕಿ ಬಿಸಿಲಲ್ಲಿ ಕಾರಿನಲ್ಲಿ ತರಬೇಡಿ, ಉಕ್ಕಿ ಬರುತ್ತದೆ.

ದೇರಾ ಕುಡ್ಲ

ಇದನ್ನು ಓದಿ ಇಲ್ಲಿ ಟಿಕೆಟ್ ನೋಡಲು ಶುರು ಮಾಡಿದೆ.

ಕುಂದಾಪ್ರದ ಅಕ್ಕ

ಕುಡಿಯದವರ ಬಗ್ಗೆಯೂ ಕೇಳಿದ್ದರು, ಎಲ್ಲರೂ ಮರೆತಿದ್ದೀರಿ. ಪುನರ್ಪುಳಿ (ಕೋಕಂ) ಶರಬತ್ತು ಮಾಡಿ. ಹುಳಿ ಉಂಟು, ಎಣ್ಣೆ ಪಸೆ ತೊಳೆಯುತ್ತದೆ. ಮೀನಿನ ವಾಸನೆಗೆ ಕಾರಣ ಆಗುವ ಅಂಶವನ್ನು ಹುಳಿ ಕಟ್ಟಿಹಾಕುತ್ತದೆ, ಲಿಂಬೆ ಹಚ್ಚುವುದೂ ಅದಕ್ಕೇ. ತೆಂಗಿನ ಹಾಲು ಹಾಕಿದ ಸೋಲ್ ಕಡಿ ಮಾತ್ರ ಬೇಡ. ಸಾರಿನಲ್ಲೂ ತೆಂಗಿನ ಹಾಲು, ಲೋಟದಲ್ಲೂ ತೆಂಗಿನ ಹಾಲು ಆದರೆ ಬೇಸರ ಬರುತ್ತದೆ. ಬೊಂಡ (ಎಳನೀರು) ಒಳ್ಳೆಯದೇ, ಆದರೆ ಊಟಕ್ಕೆ ಮೊದಲು. ಸಾರಿನ ಜೊತೆ ಅದು ಪೂರ್ತಿ ನೀರಾಗಿ ಕಾಣುತ್ತದೆ.

ತಾಳೆಮರದಡಿ

ಸಾರಿನಲ್ಲಿ ತೆಂಗು, ಲೋಟದಲ್ಲಿ ತೆಂಗು ಬೇಡ ಅಂತ ನನಗೂ ಒಂದು ಕುಟುಕಿದ ಹಾಗಾಯಿತಲ್ಲ ಅಕ್ಕಾ.

ಕುಂದಾಪ್ರದ ಅಕ್ಕ

ಕಲಿಯಲ್ಲಿ ಕೊಬ್ಬಿಲ್ಲ, ಹುಳಿ ಉಂಟು. ಅದಕ್ಕೆ ರಿಯಾಯಿತಿ ಕೊಟ್ಟಿದ್ದೇನೆ.

ಕೊಡಿಯಾಲ್‌ಬೈಲ್ ಸೊಸೆ

ಪುನರ್ಪುಳಿ ಅಂದರೆ ಅತ್ತೆಯೂ ಒಪ್ಪುತ್ತಾರೆ, ಮಕ್ಕಳಿಗೂ ಬಣ್ಣ ಇಷ್ಟ. ಮನೆಯಲ್ಲಿ ಒಣಸಿಪ್ಪೆ ಉಂಟು. ಹತ್ತು ಜನಕ್ಕೆ ಎಷ್ಟು ನೆನೆಸಬೇಕು? ಅಂಗಡಿಯ ಸಿರಪ್ ಬೇಡ, ಸಕ್ಕರೆ ಪಾಕವೇ ಜಾಸ್ತಿ.

ರಥಬೀದಿ ಭಟ್ರು

ನಾನು ಮೀನು ತಿನ್ನುವವನಲ್ಲ. ಪುನರ್ಪುಳಿ ಅನ್ನುವ ಶಬ್ದ ಕಂಡು ಒಳಗೆ ಬಂದೆ, ಮೇಲಿಂದ ಪೂರ್ತಿ ಓದಿದೆ, ಈಗ ಮುರುವಿನ ಬಗ್ಗೆ ಪರೀಕ್ಷೆ ಬರೆಯಬಲ್ಲೆ.

ಎರಡು ಲೀಟರ್ ಮಾಡಿ ಅಮ್ಮ. ಒಣಸಿಪ್ಪೆ ಎರಡು ಹಿಡಿ. ಮೊದಲು ಒಮ್ಮೆ ತೊಳೆಯಿರಿ, ಉಪ್ಪು ಹಾಕಿ ಒಣಗಿಸಿದ್ದಾದರೆ ಎರಡು ಸಲ. ಅರ್ಧ ಲೀಟರ್ ಉಗುರುಬೆಚ್ಚಗಿನ ನೀರಿನಲ್ಲಿ ನಾಲ್ಕು ಗಂಟೆ ನೆನೆಸಿ, ಕೈಯಲ್ಲಿ ಕಿವುಚಿ ಸೋಸಿ. ಕುದಿಸಬೇಡಿ, ಪರಿಮಳ ಹೋಗುತ್ತದೆ. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿ ಅಲ್ವಾ, ಸ್ಟೀಲ್ ಅಥವಾ ಗಾಜು. ಉಳಿದ ಒಂದೂವರೆ ಲೀಟರ್ ತಣ್ಣೀರು ಸೇರಿಸಿ. ಬರೀ ಶರಬತ್ತಾಗಿ ಕುಡಿಯುವುದಾದರೆ ಲೀಟರಿಗೆ ಎಂಟು ಚಮಚ ಸಕ್ಕರೆ ಹಾಕುತ್ತೇವೆ. ಊಟದ ಜೊತೆಗೆ ಅಂದಿರಿ, ನಾಲ್ಕು ಸಾಕು. ಎರಡು ಚಿಟಿಕೆ ಉಪ್ಪು, ಹುರಿದು ಪುಡಿ ಮಾಡಿದ ಜೀರಿಗೆ ಅರ್ಧ ಚಮಚ. ಐಸ್ ಲೋಟಕ್ಕೆ ಹಾಕಿ, ಪಾತ್ರೆಗೆ ಹಾಕಬೇಡಿ, ಕೊನೆಯವರಿಗೆ ಬರುವಾಗ ನೀರಾಗಿರುತ್ತದೆ.

ಸೋಸಿದ ಸಿಪ್ಪೆ ಬಿಸಾಡಬೇಡಿ. ಸಂಜೆ ಸಾರಿಗೆ ಆಗುತ್ತದೆ. ನಮ್ಮ ಸಾರಿಗೆ, ನಿಮ್ಮ ಸಾರಿಗಲ್ಲ.